ಹೆರಿಗೆ ಕೋಣೆಗೆ ಬರುವವರೇ ತರಗತಿಗೂ ಬರಲಿ

ಕಲಬುರಗಿಯಲ್ಲಿದ್ದುಕೊಂಡು ಹಿಪ್ನೋಬರ್ತಿಂಗ್ (ಸಂಮೋಹನದ ಬಗೆಯ ಅಭ್ಯಾಸಗಳಿಂದ ಹೆರಿಗೆಗೆ ಸಜ್ಜುಗೊಳಿಸುವ ಪಾಠ) ತರಗತಿ ಹುಡುಕುವ ಚೊಚ್ಚಲ ಬಸುರಿಯರಿಗೆ ನಾನು ಹೇಳುವುದು ಒಂದೇ: ಹಣ ಕಟ್ಟುವ ಮೊದಲು, ಹೆರಿಗೆ ಕೋಣೆಯಲ್ಲಿ ನಿಮ್ಮ ತಲೆದೆಸೆಯಲ್ಲಿ ಯಾರು ನಿಲ್ಲುತ್ತಾರೆ ಎಂಬುದನ್ನು ಖಚಿತಪಡಿಸಿಕೊಳ್ಳಿ.

ಭಯದಿಂದ ಮೈ ಬಿಗಿಯುತ್ತದೆ, ಬಿಗಿದಷ್ಟೂ ನೋವು ಹೆಚ್ಚುತ್ತದೆ ಎಂದು ಇಂಗ್ಲೆಂಡಿನ ವೈದ್ಯ ಗ್ರಾಂಟ್ಲಿ ಡಿಕ್-ರೀಡ್ 1930ರ ದಶಕದಲ್ಲೇ ವಾದಿಸಿದ್ದರು. ಅದೇ ಜಾಡಿನಲ್ಲಿ ಅಮೆರಿಕದ ಮೇರಿ ಮೊಂಗನ್ 1989ರಲ್ಲಿ ಈ ಪಾಠಕ್ರಮವನ್ನು ರೂಪಿಸಿದರು. ಇದರಲ್ಲಿ ಎಚ್ಚರ ತಪ್ಪಿಸುವ ಮಾಟವೇನೂ ಇಲ್ಲ. ಉಸಿರಾಟ, ಮೈ ಸಡಿಲಿಸುವ ಅಭ್ಯಾಸ ಮತ್ತು ಧೈರ್ಯದ ಮಾತುಗಳನ್ನು ಕಲಿಸುತ್ತಾರೆ.

ತೊಡಕಿರುವುದು ಬೇರೆಡೆ. ಇಂಥ ತರಗತಿಗಳು ಬಹುಮಟ್ಟಿಗೆ ಗಂಡ ಜೊತೆಗಿರುತ್ತಾನೆ ಎಂದೇ ಭಾವಿಸುತ್ತವೆ. ನಮ್ಮಲ್ಲಿ ಕುಬಸ ಮುಗಿದ ಮೇಲೆ ಮಗಳು ಆಳಂದಕ್ಕೋ ಸೇಡಂಗೋ ತವರಿಗೆ ಹೋಗುತ್ತಾಳೆ; ಸೊಂಟ ಒತ್ತುವುದನ್ನು ಕಲಿತ ಗಂಡ, ಬೇನೆ ಶುರುವಾದ ಹೊತ್ತಿಗೆ ಬೆಂಗಳೂರಿನಿಂದ ಹೊರಟು ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಕುಳಿತಿರುತ್ತಾನೆ. ಅವನು ಬಂದು ಮುಟ್ಟಿದರೂ ಒಳಗೆ ಬಿಡುವರೆಂಬ ಭರವಸೆಯಿಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯ ವೇಳೆ ಒಬ್ಬರು ಜೊತೆಗಿರಲು ಕೇಂದ್ರ ಸರ್ಕಾರ 2016ರಲ್ಲಿ ಅವಕಾಶ ಕೊಟ್ಟಿದ್ದು ಮುಖ್ಯವಾಗಿ ಹೆರಿಗೆಯ ಅನುಭವವಿರುವ ಹೆಣ್ಣುಮಗಳಿಗೆ. ಗಂಡನಿಗೆ ಅವಕಾಶವಿರುವುದು ಉಳಿದ ಬಾಣಂತಿಯರ ಮರ್ಯಾದೆಗೆ ತಕ್ಕ ಮರೆಯಿದ್ದಲ್ಲಿ ಮಾತ್ರ.

ಆದ್ದರಿಂದ ಬೆಂಗಳೂರಿನಿಂದಲೋ ಹೈದರಾಬಾದಿನಿಂದಲೋ ಆನ್‌ಲೈನ್‌ನಲ್ಲಿ ಕಲಿಸುವವರನ್ನು ಕೇಳಬೇಕಾದದ್ದು, ನನ್ನ ತಾಯಿಯೂ ಕೂಡಬಹುದೇ, ಅವರಿಗೆ ತಿಳಿಯುವ ಕನ್ನಡದಲ್ಲಿ ಹೇಳುತ್ತೀರಾ ಎಂದು. ಗರ್ಭಕೋಶದ ಬಾಯಿ ಪೂರ್ತಿ ತೆರೆಯುವ ಮುನ್ನವೇ "ಮುಕ್ಕರಿ, ಮುಕ್ಕರಿ" ಎಂದು ಅವಸರಿಸುವ ತಾಯಿ, "ಹಲ್ಲು ಕಚ್ಚಬ್ಯಾಡವ್ವ, ಸಾವಕಾಶ ಉಸಿರು ಬಿಡು" ಎನ್ನಲು ಕಲಿತರೆ, ಇಂಗ್ಲಿಷಿನ ಯಾವ ಇಂಪಾದ ಧ್ವನಿಮುದ್ರಣಕ್ಕಿಂತಲೂ ಅದು ಮಗಳ ಕಿವಿಗೆ ಬೇಗ ತಲುಪುತ್ತದೆ. (ಅತ್ತೆಯಾದರೂ ನಡೆದೀತು, ಆದರೆ ಆಯ್ಕೆ ಹೆರುವವಳದ್ದಾಗಿರಲಿ.)

ನೋವೇ ಇರುವುದಿಲ್ಲ, ಸಿಸೇರಿಯನ್ ತಪ್ಪುತ್ತದೆ ಎಂದು ಆಣೆ ಮಾಡುವವರನ್ನು ನಂಬಬೇಡಿ. ಹೆರಿಗೆಯಲ್ಲಿ ಸಂಮೋಹನದ ಬಳಕೆ ಕುರಿತ 2016ರ ಕೊಕ್ರೇನ್ ವಿಮರ್ಶೆಯ (ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ವರದಿ) ಪ್ರಕಾರ ನೋವಿನ ಔಷಧಗಳ ಒಟ್ಟಾರೆ ಬಳಕೆ ಕಡಿಮೆಯಾಗಬಹುದು, ಎಪಿಡ್ಯೂರಲ್ (ನೋವು ತಗ್ಗಿಸಲು ಬೆನ್ನಿಗೆ ಕೊಡುವ ಚುಚ್ಚುಮದ್ದು) ಬಳಕೆಯಲ್ಲಿ ಮಾತ್ರ ಸ್ಪಷ್ಟ ವ್ಯತ್ಯಾಸ ಕಂಡಿಲ್ಲ. ರಕ್ತದೊತ್ತಡ ಏರಿದಾಗ, ಮಗು ಅಡ್ಡಲಾಗಿದ್ದಾಗ ವೈದ್ಯರ ಮಾತೇ ಕೊನೆಯದು, ಮತ್ತು ಒಳ್ಳೆಯ ತರಬೇತುದಾರರು ಇದನ್ನು ತಾವಾಗಿಯೇ ಹೇಳುತ್ತಾರೆ.

ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ಸುರಕ್ಷಿತ ಮಾತೃತ್ವ ತಪಾಸಣೆಗೆ ಹೋದಾಗ, ತಾಯಿ ಕಾರ್ಡಿನ ಜೊತೆಗೆ ತಾಯಿಯನ್ನೂ ಕರೆದುಕೊಂಡು ಹೋಗಿ, ಹೆರಿಗೆ ಕೋಣೆಗೆ ಇವರನ್ನು ಬಿಡುತ್ತೀರಾ ಎಂದು ಅಲ್ಲಿನ ಸಿಸ್ಟರ್ ಅವರನ್ನೇ ಕೇಳಿ. ತರಗತಿಯ ಶುಲ್ಕವನ್ನು ಆ ಉತ್ತರ ಸಿಕ್ಕ ಮೇಲೆ ಕಟ್ಟಿದರಾಯಿತು.