ಟವೆಲ್ ಹಾಕಿಟ್ಟ ರಾಜಧಾನಿ

ಬಸ್ಸು ನಿಲ್ದಾಣದೊಳಗೆ ತಿರುಗುತ್ತಿದ್ದಂತೆಯೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ವಿದ್ಯೆಯನ್ನು ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಟವೆಲ್ ಇದ್ದಲ್ಲಿ ಒಡೆಯನೂ ಇದ್ದಾನೆಂದೇ ಲೆಕ್ಕ. ಅವನು ಬಂದು ಕೂರುತ್ತಾನೋ, ಹೊರಗೆ ಕಬ್ಬಿನ ಹಾಲು ಕುಡಿಯುತ್ತಾ ನಿಂತುಬಿಡುತ್ತಾನೋ ಎಂಬುದು ಬೇರೆ ವಿಚಾರ. ಇದೇ ವಿದ್ಯೆಯನ್ನು ಸರ್ಕಾರವೊಂದು ಕಲ್ಲು ಸಿಮೆಂಟಿನಲ್ಲಿ ಸಾಧಿಸಿರುವುದನ್ನು ನೋಡಬೇಕೆಂದರೆ ಬೆಳಗಾವಿಗೆ ಹೋಗಬೇಕು. ಮಹಾರಾಷ್ಟ್ರ ಆ ಊರಿನ ಮೇಲೆ ಕಣ್ಣಿಟ್ಟು, 2004ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲನ್ನೂ ಹತ್ತಿದಾಗ ನಾವು ಸುಮ್ಮನಿರಲಿಲ್ಲ. 2006ರಲ್ಲಿ ಅಲ್ಲಿ ಮೊದಲ ಅಧಿವೇಶನ ನಡೆಸಿ, ಆಮೇಲೆ ಸುಮಾರು 400 ಕೋಟಿ ರೂಪಾಯಿಯ ಟವೆಲ್ಲೊಂದನ್ನು ಹಲಗಾ–ಬಸ್ತವಾಡದ ಬಳಿ ಹೆದ್ದಾರಿಗೆ ಕಾಣುವಂತೆ ಹರಡಿಬಿಟ್ಟೆವು. ಅದಕ್ಕೆ ಸುವರ್ಣ ವಿಧಾನಸೌಧ ಎಂದು ಹೆಸರು. 2012ರ ಅಕ್ಟೋಬರ್ 11ರಂದು ರಾಷ್ಟ್ರಪತಿ ಪ್ರಣವ್ ಮುಖರ್ಜಿ ಅವರೇ ಬಂದು ಉದ್ಘಾಟಿಸಿದರು. ಸೀಟು ಭದ್ರವಾಯಿತು. ಕೂರುವವರ ವಿಷಯವನ್ನು ಮಾತ್ರ ಆ ಗಡಿಬಿಡಿಯಲ್ಲಿ ಯಾರೂ ಯೋಚಿಸಿದಂತಿಲ್ಲ.

ಭಾಷಣಗಳಲ್ಲಿ ಬೆಳಗಾವಿ ರಾಜ್ಯದ ಎರಡನೇ ರಾಜಧಾನಿ. ಕ್ಯಾಲೆಂಡರಿನಲ್ಲಿ ಮಾತ್ರ ಅದು ಡಿಸೆಂಬರಿನ ಹತ್ತು ದಿನಗಳ ರಾಜಧಾನಿ. ಆ ಹತ್ತು ದಿನಗಳಿಗಾಗಿ ಸರ್ಕಾರವು ಮದುವೆ ದಿಬ್ಬಣದಂತೆ ಹೊರಡುತ್ತದೆ: ಕಡತಗಳು, ಅವುಗಳನ್ನು ಕಾಯುವ ಗುಮಾಸ್ತರು, ಗುಮಾಸ್ತರನ್ನು ಕಾಯುವ ಅಧಿಕಾರಿಗಳು, ಅವರೆಲ್ಲರನ್ನೂ ಕಾಯುವ ಪೊಲೀಸರು ಸುಮಾರು 500 ಕಿಲೋಮೀಟರ್ ದೂರ ಬಂದಿಳಿಯುತ್ತಾರೆ. ಊರಿನ ಲಾಡ್ಜುಗಳು ತುಂಬುತ್ತವೆ, ಕುಂದಾ ಅಂಗಡಿಗಳ ಮುಂದೆ ಸರ್ಕಾರಿ ಕಾರುಗಳು ಸಾಲುಗಟ್ಟುತ್ತವೆ, ಮತ್ತು ಬೆಳಗಾವಿಯಿಂದ ಗೋವಾ ಎಷ್ಟು ಹತ್ತಿರವೆಂಬ ಭೂಗೋಳದ ಪಾಠ ಶುಕ್ರವಾರ ಸಂಜೆಯ ಹೊತ್ತಿಗೆ ಹಲವರಿಗೆ ತಾನಾಗಿಯೇ ನೆನಪಾಗುತ್ತದೆ. ಉತ್ತರ ಕರ್ನಾಟಕದ ಸಮಸ್ಯೆಗಳನ್ನು ಚರ್ಚಿಸಲೆಂದೇ ಕರೆದ ಅಧಿವೇಶನದಲ್ಲಿ ಆ ಚರ್ಚೆಯ ಸರದಿ ಬರುವಷ್ಟರಲ್ಲಿ ಸದಸ್ಯರು ಪೆಟ್ಟಿಗೆ ಕಟ್ಟುತ್ತಿರುತ್ತಾರೆ ಎಂದು ಇಲ್ಲಿಯ ಜನ ಆಡಿಕೊಳ್ಳುವುದುಂಟು. ಸಮಸ್ಯೆಗಳಿಗಾದರೂ ಅವಸರವೇನಿದೆ? ಅವು ಇಲ್ಲಿಯ ಕಾಯಂ ನಿವಾಸಿಗಳು. ಮುಂದಿನ ಡಿಸೆಂಬರಿಗೂ ಇದ್ದೇ ಇರುತ್ತವೆ.

ನ್ಯಾಯವಾಗಿ ಹೇಳಬೇಕೆಂದರೆ, ಪ್ರತಿಭಟನೆಗೆ ಬರುವವರಿಗೆ ಇಷ್ಟು ಶಿಸ್ತಾದ ಆತಿಥ್ಯ ಬೇರೆಡೆ ಸಿಗುವುದು ಕಷ್ಟ. ಸೌಧದಿಂದ ತಕ್ಕಷ್ಟು ದೂರದಲ್ಲಿ ಪೆಂಡಾಲು ಹಾಕಿ, ಇಂಥ ಸಂಘಕ್ಕೆ ಇಂಥ ದಿನ, ಇಂಥ ಹೊತ್ತು ಎಂದು ಸಿಟ್ಟಿಗೂ ವೇಳಾಪಟ್ಟಿ ಕೊಡಲಾಗುತ್ತದೆ. ಮಂತ್ರಿಗಳು ಬಂದು ಮನವಿಪತ್ರ ಸ್ವೀಕರಿಸುತ್ತಾರೆ. ಆ ಮನವಿಪತ್ರ ಅದೇ ದಿಬ್ಬಣದ ಜೊತೆ ಬೆಂಗಳೂರಿಗೆ ಪ್ರಯಾಣ ಬೆಳೆಸುತ್ತದೆ.

ಉಳಿದ ಹನ್ನೊಂದು ತಿಂಗಳು ಅಲ್ಲಿ ಏನು ನಡೆಯುತ್ತದೆ ಎಂದು ಕೇಳುವುದು ಅನುಚಿತವೆನಿಸಬಹುದು. ಟೀಕೆ ಹೆಚ್ಚಾದ ಮೇಲೆ ಜಿಲ್ಲಾ ಮಟ್ಟದ ಕೆಲವು ಕಚೇರಿಗಳನ್ನು ತಂದು ಕೂರಿಸಿದ್ದಾರೆ. ಅರಮನೆಯ ಮೂಲೆಯಲ್ಲಿ ಬಾಡಿಗೆಗಿದ್ದ ಹಾಗೆ ಅವು ಸಂಕೋಚದಿಂದ ಕೆಲಸ ಮಾಡುತ್ತಿವೆ. ಇಲಾಖೆಗಳ ದೊಡ್ಡ ಕಚೇರಿಗಳೇ ಬರುತ್ತವೆ ಎಂಬ ಮಾತು ಪ್ರತಿ ಸರ್ಕಾರದಲ್ಲೂ ಬರುತ್ತದೆ. ಮಾತು ಬರುತ್ತದೆ, ಕಚೇರಿ ಬರುವುದಿಲ್ಲ.

ಈ ಸೌಧವನ್ನು ಮನಸಾರೆ ಬಳಸಿಕೊಂಡವರು ಒಬ್ಬರೇ ಇದ್ದರು. 2022ರ ಬೇಸಿಗೆಯಲ್ಲಿ ಅಲ್ಲಿ ದಿನಗೂಲಿಗೆ ದುಡಿಯುತ್ತಿದ್ದ ಹೆಣ್ಣುಮಗಳೊಬ್ಬರು ಸೌಧದ ಮುಂದೆ ಬಟ್ಟೆ ಹಾಸಿ ಶಾವಿಗೆ ಒಣಹಾಕಿದರು. ಉತ್ತರ ಕರ್ನಾಟಕದ ಮನೆಮನೆಯಲ್ಲೂ ಆ ದಿನಗಳಲ್ಲಿ ನಡೆಯುವ ಕೆಲಸವದು: ಮೋಡ ಕಟ್ಟುವ ಮೊದಲು ಹೊಸೆದು, ಎಳೆ ಕೂಡದಂತೆ ಹರವಿ, ಬಿಸಿಲು ಜಾರುವುದರೊಳಗೆ ಎತ್ತಿಟ್ಟರೆ ವರ್ಷವಿಡೀ ಹಬ್ಬಕ್ಕೆ ಚಿಂತೆಯಿಲ್ಲ. ನೆರಳಿಲ್ಲದ, ಧೂಳಿಲ್ಲದ, ಯಾರೂ ತುಳಿದು ಹೋಗದ ಅಷ್ಟು ವಿಶಾಲವಾದ ಜಾಗ ಜಿಲ್ಲೆಯಲ್ಲಿ ಮತ್ತೆಲ್ಲಿದೆ? ಫೋಟೋ ಊರೆಲ್ಲ ಹರಿದಾಡಿತು. ಹನ್ನೊಂದು ತಿಂಗಳು ಖಾಲಿ ಬಿದ್ದಾಗ ಕುಂದದ ಸೌಧದ ಘನತೆಗೆ ಒಂದು ಮೊರದಷ್ಟು ಶಾವಿಗೆಯಿಂದ ಧಕ್ಕೆಯಾಯಿತು. ಆ ಹೆಣ್ಣುಮಗಳನ್ನು ಕೆಲಸದಿಂದ ತೆಗೆದರೆಂಬ ಸುದ್ದಿ ಬಂತು. ಸೀಟು ಹಿಡಿಯಲು ಹಾಕಿಟ್ಟ ಟವೆಲ್ಲಿನ ಮೇಲೆ ಏನನ್ನಾದರೂ ಒಣಹಾಕಬಹುದೆಂದು ಅವರು ತಿಳಿದಿದ್ದರೇನೋ.