ಓರೆ ಪ್ಯಾನೆಲ್ ಕಾರ್ಡಿಗೆ ಇಂಚಿನ ಲೆಕ್ಕ ಬೇಡ, ಮೂಲೆಮಟ್ಟ ಸಾಕು

ಕೈಯಾರೆ ಶುಭಾಶಯದ ಕಾರ್ಡ್ ಮಾಡುವವರು ಒಂದಲ್ಲ ಒಂದು ದಿನ ಓರೆ ಪ್ಯಾನೆಲ್‌ಗೆ ಬಂದೇ ಬರುತ್ತಾರೆ. ಪ್ಯಾನೆಲ್ ಅಂದರೆ ಕಾರ್ಡಿನ ಮುಖಕ್ಕೆ ಅಂಟಿಸುವ ಚಿತ್ತಾರದ ಕಾಗದ. ಅದು ನಾಲ್ಕು ಅಂಚಿಗೂ ಸರಿಯಾಗಿ ನೆಟ್ಟಗೆ ಕೂತರೆ ಆಫೀಸಿನ ನೋಟೀಸ್ ಬೋರ್ಡಿನ ಹಾಗೆ ಕಾಣುತ್ತದೆ. ಅದನ್ನೇ ಓರೆಯಾಗಿ ಕತ್ತರಿಸಿದರೆ, ಇಲ್ಲವೇ ಓರೆಯಾಗಿ ಕೂರಿಸಿದರೆ, ಕಾರ್ಡಿಗೆ ಒಂದು ಓಟ ಬರುತ್ತದೆ. ಖರ್ಚೂ ಜಾಸ್ತಿ ಇಲ್ಲ, ಹೊಸ ಸಾಮಾನೂ ಬೇಡ.

ನಾನಿರುವುದು ಅಮೆರಿಕದಲ್ಲಿ. ಇಲ್ಲಿ ಕಾರ್ಡ್ ಮಾಡುವುದನ್ನು ಹೇಳಿಕೊಡುವ ರೀತಿಯೇ ಬೇರೆ. ಎಲ್ಲವೂ ಇಂಚಿನ ಪಟ್ಟಿ. ಬೇಸ್, ಅಂದರೆ ಮಡಚಿದ ಕಾರ್ಡು, ಐದೂವರೆ ಬೈ ನಾಲ್ಕೂ ಕಾಲು, ಪ್ಯಾನೆಲ್ ಐದೂ ಕಾಲು ಬೈ ನಾಲ್ಕು, ಹೀಗೆ. ಇದಕ್ಕೆ ಕಾರಣ ಇಲ್ಲಿನ ಲೆಟರ್ ಕಾಗದ. ಅದರ ಅಳತೆ ಎಂಟೂವರೆ ಬೈ ಹನ್ನೊಂದು ಇಂಚು. ಅದನ್ನು ಎರಡು ಮಾಡಿ, ಒಂದೊಂದನ್ನೂ ಮಡಚಿದರೆ ಐದೂವರೆ ಬೈ ನಾಲ್ಕೂ ಕಾಲಿನ ಎರಡು ಕಾರ್ಡ್ ಸಿಗುತ್ತವೆ. ಕತ್ತರಿಸುವ ಟ್ರಿಮ್ಮರ್, ಮಡಿಕೆಗೆ ಗೆರೆ ಹಾಕುವ ಸ್ಕೋರಿಂಗ್ ಬೋರ್ಡ್ ಎಲ್ಲದರ ಮೇಲೂ ಎಂಟನೇ ಒಂದು ಇಂಚಿನ ಗುರುತುಗಳು. ಪಟ್ಟಿ ನೋಡಿ ಕತ್ತರಿಸುತ್ತಾ ಹೋದರೆ ಕಾರ್ಡ್ ಆಗಿಬಿಡುತ್ತದೆ. ನೆಟ್ಟಗಿನ ಕಾರ್ಡಿಗೆ ಇದು ಒಳ್ಳೆಯ ಪದ್ಧತಿ, ನಾನು ತಕರಾರು ಮಾಡುವುದಿಲ್ಲ.

ತಕರಾರು ಇರುವುದು ಈ ಪಟ್ಟಿ ಎ4 ಬಳಸುವವರ ಕೈಗೆ ಹೋದಾಗ. ಎ4 ಹಾಳೆಯನ್ನು ಎರಡು ಮಾಡಿ ಮಡಚಿದರೆ ಬರುವುದು ಎ6 ಕಾರ್ಡ್, ಅಂದರೆ 105 ಬೈ 148 ಮಿ.ಮೀ. ಇಲ್ಲಿನ ಕಾರ್ಡು ಸುಮಾರು 108 ಬೈ 140. ನೋಡಲು ಒಂದೇ ಥರ, ಆದರೆ ಎ6 ತುಸು ಸಪೂರ, ತುಸು ಎತ್ತರ. ಐದೂ ಕಾಲು ಬೈ ನಾಲ್ಕು ಇಂಚಿನ ಪ್ಯಾನೆಲ್ಲನ್ನು ಎ6 ಮೇಲೆ ಇಟ್ಟು ನೋಡಿ. ಎಡಬಲದಲ್ಲಿ ಉಳಿಯುವ ಅಂಚು ಎರಡು ಮಿ.ಮೀ. ಕೂಡ ಇಲ್ಲ, ಮೇಲೆ ಕೆಳಗೆ ಏಳಕ್ಕೂ ಜಾಸ್ತಿ. ನನ್ನ ಅಕ್ಕ ಒಮ್ಮೆ ಫೋನಿನಲ್ಲಿ ಕೇಳಿದ್ದಳು, "ಅಲ್ವೋ, ನಾಲ್ಕೂ ಕಾಲು ಇಂಚು ಅಂತಾರಲ್ಲ, ನಾನು ಅದನ್ನ ಯಾಕೆ ಹಿಡ್ಕೊಂಡು ಕೂರಬೇಕು? ನನ್ನ ಕಾಗದ ಬೇರೆ ಅಲ್ವಾ?" ಸರಿಯಾದ ಪ್ರಶ್ನೆ. ಇಂಚನ್ನು ಮಿ.ಮೀ.ಗೆ ತಿರುಗಿಸಿದ ಮಾತ್ರಕ್ಕೆ ಕಾಗದ ಬದಲಾಗುವುದಿಲ್ಲ.

ನನ್ನ ವಾದ ಇಷ್ಟೇ. ಓರೆ ಪ್ಯಾನೆಲ್ ಕಾರ್ಡಿನಲ್ಲಿ ಹೇಳಿಕೊಡಬೇಕಾದ್ದು ಕೋನ ಮತ್ತು ಅಂಚು. ಉದ್ದ ಅಗಲ ಅವರವರ ಕಾಗದಕ್ಕೆ ಬಿಟ್ಟಿದ್ದು. "ನಿಮ್ಮ ಕಾರ್ಡಿಗಿಂತ ಎಲ್ಲ ಕಡೆಯೂ 3 ಮಿ.ಮೀ. ಕಮ್ಮಿ, 15 ಡಿಗ್ರಿ ಓರೆ" ಅಂದರೆ ಯಾವ ದೇಶದ ಕಾಗದಕ್ಕೂ ಹೊಂದುತ್ತದೆ.

ಕೋನಕ್ಕೆ ಜಾಮಿಟ್ರಿ ಬಾಕ್ಸಿನ ಎರಡು ಮೂಲೆಮಟ್ಟ ಸಾಕು. ಒಂದರಲ್ಲಿ 45 ಡಿಗ್ರಿ, ಇನ್ನೊಂದರಲ್ಲಿ 30 ಮತ್ತು 60. ಪ್ಯಾನೆಲ್ಲಿನ ಪಕ್ಕದ ಅಂಚಿನಿಂದ 45ರ ಮೂಲೆ, ಅದಕ್ಕೆ ತಾಗಿಸಿ 30ರ ಮೂಲೆ ಇಟ್ಟರೆ 75 ಆಯಿತು. ಅದನ್ನೇ ಕೆಳ ಅಂಚಿನಿಂದ ಅಳೆದರೆ 15. ಇಲ್ಲಿ ಪ್ರತಿಯೊಂದು ಓರೆಗೂ ಒಂದೊಂದು ಲೋಹದ ಡೈ, ಅಂದರೆ ಕಾಗದ ಕತ್ತರಿಸುವ ಅಚ್ಚು, ಕೊಳ್ಳುತ್ತಾರೆ, ಅದನ್ನು ಒತ್ತಲು ಒಂದು ಮೆಷಿನ್ ಇಟ್ಟುಕೊಳ್ಳುತ್ತಾರೆ. ಹೂವಿನ ಎಸಳು, ಕಸೂತಿಯಂಥ ಅಂಚು ಬೇಕಿದ್ದರೆ ಡೈ ಇರಲಿ. ಒಂದು ನೇರ ಗೆರೆ ಕತ್ತರಿಸಲು ಅದೆಲ್ಲ ಯಾಕೆ? ಸ್ಟೀಲ್ ಸ್ಕೇಲು, ಚೂಪಾದ ಬ್ಲೇಡು, ಕೆಳಗೊಂದು ಕಟಿಂಗ್ ಮ್ಯಾಟ್ ಇದ್ದರೆ ಆಯಿತು.

ಓರೆ ಮಾಡುವ ದಾರಿ ಎರಡು. ಒಂದು, ಇಡೀ ಪ್ಯಾನೆಲ್ಲನ್ನೇ ತಿರುಗಿಸಿ ಅಂಟಿಸುವುದು. ಸುಲಭ ಅನಿಸುತ್ತದೆ, ಆದರೆ ತಿರುಗಿಸಿದ ಕಾಗದ ಜಾಸ್ತಿ ಜಾಗ ಕೇಳುತ್ತದೆ. 80 ಬೈ 110 ಮಿ.ಮೀ. ಪ್ಯಾನೆಲ್ಲನ್ನು 10 ಡಿಗ್ರಿ ತಿರುಗಿಸಿದರೆ ಅದರ ಮೂಲೆಯಿಂದ ಮೂಲೆಗೆ ಅಗಲ ಸುಮಾರು 98 ಆಗುತ್ತದೆ. ಎ6 ಕಾರ್ಡಿನ ಎರಡೂ ಬದಿ ಮೂರೂವರೆ ಮಿ.ಮೀ. ಮಾತ್ರ ಮಿಕ್ಕಿತು. ಹಾಗಂತ ಕೋನ ಕಮ್ಮಿ ಮಾಡಿ ಎರಡು ಮೂರು ಡಿಗ್ರಿಗೆ ಇಳಿಸಿದರೆ ಇನ್ನೂ ಕೆಟ್ಟದು, ಕೈ ಜಾರಿ ಸೊಟ್ಟ ಅಂಟಿಸಿದ ಹಾಗೆ ಕಾಣುತ್ತದೆ. ಓರೆ ಮಾಡುವುದಾದರೆ ಬೇಕಂತಲೇ ಮಾಡಿದ್ದು ಅಂತ ಗೊತ್ತಾಗಬೇಕು. ತಿರುಗಿಸಲೇಬೇಕು ಅನ್ನುವವರು ದೊಡ್ಡ ಪ್ಯಾನೆಲ್ ಹಾಕಿ, ಮೂಲೆಗಳು ಕಾರ್ಡಿನಾಚೆ ಚಾಚಿಕೊಳ್ಳಲಿ. ಅಂಟು ಒಣಗಿದ ಮೇಲೆ ಕಾರ್ಡನ್ನು ತೆರೆದು ಮುಖ ಕೆಳಗೆ ಮಾಡಿ, ಅಂಚಿಗೆ ಸ್ಕೇಲು ಹಿಡಿದು ಚಾಚಿದ್ದನ್ನು ಕತ್ತರಿಸಿ. ಮಡಿಕೆಯ ಕಡೆ ಚಾಚಿದ ಮೂಲೆಯನ್ನು ಮಾತ್ರ ಅಂಟಿಸುವ ಮುಂಚೆಯೇ ಗುರುತು ಹಾಕಿ ಕತ್ತರಿಸಿಕೊಳ್ಳಬೇಕು, ಇಲ್ಲದಿದ್ದರೆ ಬ್ಲೇಡು ಮಡಿಕೆಯನ್ನೇ ಸೀಳುತ್ತದೆ.

ನನಗೆ ಇಷ್ಟ ಎರಡನೆಯ ದಾರಿ. ಪ್ಯಾನೆಲ್ ನೆಟ್ಟಗೇ ಇರುತ್ತದೆ, ಅದರೊಳಗಿನ ಸೀಳು ಓರೆ. ಎ6ಗೆ 99 ಬೈ 142ರ ಪ್ಯಾನೆಲ್ ತೆಗೆದುಕೊಳ್ಳಿ. 15 ಡಿಗ್ರಿಗೆ ಸೀಳಿದರೆ ಒಂದು ಬದಿಯಿಂದ ಇನ್ನೊಂದು ಬದಿಗೆ ಗೆರೆ ಸುಮಾರು 26.5 ಮಿ.ಮೀ. ಏರುತ್ತದೆ. 30 ಡಿಗ್ರಿಗೆ 57. ಎರಡು ತುಂಡಿನ ನಡುವೆ ಕಾರ್ಡಿನ ಬಣ್ಣ ಒಂದು ಪಟ್ಟಿಯಾಗಿ ಇಣುಕಬೇಕು. ಇಲ್ಲಿ ಸಾಮಾನ್ಯವಾಗಿ ತುಂಡುಗಳನ್ನು ಒಂದಿಷ್ಟು ಸರಿಸಿ ಅಂಟಿಸಲು ಹೇಳುತ್ತಾರೆ. ಸರಿಸಿದರೆ ಒಟ್ಟು ಎತ್ತರ ಬೆಳೆಯುತ್ತದೆ. 3 ಮಿ.ಮೀ. ಸಂದು ಬಿಟ್ಟರೆ ಕೆಳಗಿನ ತುಂಡು ಅಷ್ಟೇ ಕೆಳಗೆ ಇಳಿದು, ಬಿಟ್ಟಿದ್ದ ಅಂಚನ್ನು ನುಂಗುತ್ತದೆ. ಮೂರು ತುಂಡು, ಎರಡು ಸಂದು ಅಂದರೆ ಕಾರ್ಡಿನಿಂದಲೇ ಹೊರಕ್ಕೆ. ಆಮೇಲೆ ಕೆಳಗಿನ ತುಂಡನ್ನು ಮತ್ತೆ ಕತ್ತರಿಸು, ಅಂಚು ನೋಡು, ಮತ್ತೆ ಕತ್ತರಿಸು.

ಅದರ ಬದಲು 3 ಮಿ.ಮೀ. ದೂರದಲ್ಲಿ ಎರಡು ಸಮಾನಾಂತರ ಗೆರೆ ಹಾಕಿ, ನಡುವಿನ ಸಣ್ಣ ಪಟ್ಟಿಯನ್ನೇ ಕತ್ತರಿಸಿ ತೆಗೆದುಬಿಡಿ. ಉಳಿದ ತುಂಡುಗಳು ಇದ್ದ ಜಾಗದಲ್ಲೇ ಇರುತ್ತವೆ, ಎತ್ತರ ಬೆಳೆಯುವ ಪ್ರಶ್ನೆಯೇ ಇಲ್ಲ. ಇನ್ನೊಂದು ಲಾಭವೂ ಇದೆ. ಕಾಗದದಲ್ಲಿ ಗೆರೆಗಳೋ ಬಳ್ಳಿಯೋ ಇದ್ದರೆ ಸಂದು ದಾಟಿ ಅದೇ ಸಾಲಿನಲ್ಲಿ ಮುಂದುವರಿಯುತ್ತದೆ. ಸರಿಸಿದ ಕಾರ್ಡಿನಲ್ಲಿ ಬಳ್ಳಿ ಮುರಿದಂತೆ ಕಾಣುತ್ತದೆ, ಸೂಕ್ಷ್ಮವಾಗಿ ನೋಡುವವರಿಗೆ ಕಿರಿಕಿರಿ. ಅಂಟಿಸಲು ಡಬಲ್ ಟೇಪ್ ಬೇಡ, ಕೂತಲ್ಲೇ ಹಿಡಿದುಬಿಡುತ್ತದೆ. ತೆಳುವಾಗಿ ಹಚ್ಚಿದ ಒದ್ದೆ ಅಂಟಾದರೆ ಸಂದು ಸಮ ಆಗುವವರೆಗೆ ಒಂದಿಷ್ಟು ಜರುಗಿಸಬಹುದು.

ಬರಹದ ವಿಷಯ. ಒಂದು ಕಾರ್ಡಿನಲ್ಲಿ ಎರಡು ದಿಕ್ಕು ಸಾಕು. ಸೀಳು ಓರೆಯಾಗಿದ್ದರೆ ಬರಹ ನೆಟ್ಟಗಿರಲಿ, ಇಲ್ಲವೇ ಸೀಳಿನ ಜೊತೆಗೇ ಓಡಲಿ. ಮೂರನೇ ದಿಕ್ಕಿಗೆ ಹೋದರೆ ಗೊಂದಲ. ಎಡದಿಂದ ಬಲಕ್ಕೆ ಏರುವ ಓರೆ ನಮಗೆ ಲವಲವಿಕೆಯಾಗಿ ಕಾಣುತ್ತದೆ. ಸಾಂತ್ವನದ ಕಾರ್ಡಿಗೆ ಓರೆಯನ್ನೇ ಹಾಕಬೇಡಿ ಅನ್ನುವವನು ನಾನು.

ಇನ್ನು ಕಾಗದದ ದಪ್ಪ. ಇಲ್ಲಿ ಅದನ್ನು ಪೌಂಡಿನಲ್ಲಿ ಹೇಳುತ್ತಾರೆ, ಅದೊಂದು ತಲೆನೋವು. 110 ಪೌಂಡ್ ಇಂಡೆಕ್ಸ್ ಅಂದರೆ 199 ಜಿಎಸ್‌ಎಂ, 80 ಪೌಂಡ್ ಕವರ್ ಅಂದರೆ 216. ಸಂಖ್ಯೆ ದೊಡ್ಡದು, ಕಾಗದ ತೆಳು! ಇಂಡೆಕ್ಸ್, ಕವರ್ ಅನ್ನುವುದು ದಪ್ಪ ಕಾಗದದ ಎರಡು ಬಗೆ. ಎರಡಕ್ಕೂ ತೂಗುವ ಮೂಲ ಹಾಳೆಯ ಅಳತೆಯೇ ಬೇರೆ ಬೇರೆ, ಅದಕ್ಕೇ ಹೀಗೆ. ಜಿಎಸ್‌ಎಂ ಅಂದರೆ ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ಅಂತ, ಯಾವ ಕಾಗದವಾದರೂ ಲೆಕ್ಕ ಒಂದೇ. ಬೇಸ್‌ಗೆ 250ರ ಮೇಲಿರಲಿ, ಪ್ಯಾನೆಲ್‌ಗೆ 120ರಿಂದ 160 ಸಾಕು.

ಅಳತೆಯಲ್ಲೂ ನನ್ನ ಒಲವು ಎ4, ಎ6 ಸೇರಿದ ಎ ಸರಣಿಯ ಕಡೆಗೇ. ಜರ್ಮನಿ 1922ರಲ್ಲಿ ಜಾರಿಗೆ ತಂದ ಈ ಅಳತೆಯಲ್ಲಿ ಹಾಳೆಯನ್ನು ಎಷ್ಟು ಸಲ ಅರ್ಧ ಮಾಡಿದರೂ ಆಕಾರ ಅದೇ. ಓರೆ ವಿನ್ಯಾಸಕ್ಕೆ ಇದು ವರ. ಎ6 ಕಾರ್ಡಿನ ಮೂಲೆಯಿಂದ ಮೂಲೆಗೆ ಎಳೆದ ಗೆರೆ ಉದ್ದದ ಅಂಚಿಗೆ ಸುಮಾರು 35 ಡಿಗ್ರಿ, ಅದರ ದುಪ್ಪಟ್ಟಿನ ಎ5ರಲ್ಲೂ ಅಷ್ಟೇ. ಇಡೀ ವಿನ್ಯಾಸವನ್ನು 141 ಪರ್ಸೆಂಟ್ ದೊಡ್ಡದು ಮಾಡಿ ಕಾಪಿ ತೆಗೆದರೆ ದೊಡ್ಡ ಕಾರ್ಡಿಗೆ ಹಾಗೇ ಕೂರುತ್ತದೆ. ಲೆಟರ್ ಕಾಗದದಲ್ಲಿ ಕಾಲು ಹಾಳೆಯ ಕಾರ್ಡಿಗೆ ಸುಮಾರು 38 ಡಿಗ್ರಿ, ಅರ್ಧ ಹಾಳೆಯ ಕಾರ್ಡಿಗೆ 33. ಪ್ರತಿ ಸಲ ಹೊಸದಾಗಿ ಗೆರೆ ಎಳೆಯಬೇಕು.

ಆದರೂ ಇಲ್ಲಿನವರಿಂದ ಕಲಿಯಬೇಕಾದ್ದು ಒಂದಿದೆ. ಮಡಚುವ ಮುಂಚೆ ಗೆರೆ ಹಾಕುವುದನ್ನು ಇವರು ತಪ್ಪಿಸುವುದೇ ಇಲ್ಲ. ದಪ್ಪ ಕಾಗದವನ್ನು ಸುಮ್ನೆ ಬೆರಳಲ್ಲಿ ಮಡಚಿದರೆ ಬೆನ್ನು ಬಿರಿಯುತ್ತದೆ, ಅದರಲ್ಲೂ ಕಾಗದದ ನಾರು ಓಡುವ ದಿಕ್ಕಿಗೆ ಅಡ್ಡವಾಗಿ ಮಡಚಿದರೆ. ಮೊಂಡು ತುದಿಯಿಂದ ಒತ್ತಿ ಗೆರೆ ಹಾಕಿ ಮಡಚಿದರೆ ಮಡಿಕೆ ನೇರ ಬರುತ್ತದೆ. ಓರೆ ಸೀಳಿರುವ ಕಾರ್ಡಿನಲ್ಲಿ ಮಡಿಕೆ ಒಂದು ಕೂದಲೆಳೆ ಸೊಟ್ಟ ಆದರೂ ಎದ್ದು ಕಾಣುತ್ತದೆ, ಯಾಕೆಂದರೆ ಕಣ್ಣು ಓರೆ ಗೆರೆಯನ್ನು ಆ ಅಂಚಿಗೇ ಹೋಲಿಸಿ ನೋಡುತ್ತಿರುತ್ತದೆ. ಎಂಟನೇ ಒಂದು ಇಂಚಿನ ಬೋರ್ಡೇ ನಿಮ್ಮ ಬಳಿ ಇದ್ದರೆ ಎಸೆಯಬೇಡಿ. ಎ5 ಹಾಳೆಗೆ ನಾಲ್ಕು ಮತ್ತು ಎಂಟನೇ ಒಂದು ಇಂಚಿನ ಗೆರೆಯಲ್ಲಿ ಒತ್ತಿದರೆ 104.8 ಮಿ.ಮೀ. ಆಗುತ್ತದೆ. ಬೇಕಾದ್ದು 105, ಅಷ್ಟು ವ್ಯತ್ಯಾಸವನ್ನು ಕಾಗದದ ದಪ್ಪವೇ ಮುಚ್ಚಿಕೊಳ್ಳುತ್ತದೆ.