ಹೊರಗೆ ನೋಡಬೇಡಿ, ಭೂಗೋಳ ನಡೆಯುತ್ತಿದೆ

ಭೂಗೋಳ ಕಲಿಸುವವರಿಗೆ ಭೂಮಿಯಷ್ಟು ಕಾಟ ಕೊಡುವುದು ಬೇರೊಂದಿಲ್ಲ. ಹೇಳದೆ ಕೇಳದೆ ಮಳೆ ಬರುತ್ತದೆ. ಹೊಳೆಗೆ ವೇಳಾಪಟ್ಟಿ ಓದಲು ಬರುವುದಿಲ್ಲ. ಹಾಗಾಗಿ ಪ್ರೌಢಶಾಲೆಗಳು ಒಂದು ಜಾಣ ದಾರಿ ಕಂಡುಕೊಂಡಿವೆ: ಭೂಮಿಯನ್ನು ಆಚೆ ಬಿಟ್ಟು, ಕಿಟಕಿ ಮುಚ್ಚಿ, ಪಾಠ ಶುರು ಮಾಡುವುದು.

ಮೋಡಗಳ ಪಾಠ ನಡೆಯುತ್ತಿರುತ್ತದೆ. ಹೊರಗೆ ಹತ್ತಿಯ ರಾಶಿಯಂಥ ಒಳ್ಳೆಯ ಕ್ಯುಮುಲಸ್ ಮೋಡ ಎದ್ದಿರುತ್ತದೆ. ಹುಡುಗಿಯೊಬ್ಬಳು ಅತ್ತ ತಿರುಗಿದರೆ ಬೈಗುಳ ಖಚಿತ: "ಗಮನ ಎಲ್ಲಿದೆ? ಮೋಡ ಇಲ್ಲಿದೆ, ಪುಟದಲ್ಲಿ!"

ಹಾಗಂತ ಫೀಲ್ಡ್ ವರ್ಕ್ ಇಲ್ಲ ಅಂದುಕೊಳ್ಳಬೇಡಿ. ಅದಕ್ಕೆ ಅಂಕವಿದೆ, ಅಂಕಕ್ಕಿಂತ ಉದ್ದದ ಅರ್ಜಿಯೂ ಇದೆ. ಮೊದಲ ಪ್ರಶ್ನೆ: ಹೊಳೆಯಲ್ಲಿ ನೀರಿದೆಯೇ? 'ಹೌದು' ಎಂದರೆ ಅಪಾಯ, ಅನುಮತಿಯಿಲ್ಲ. 'ಇಲ್ಲ' ಎಂದರೆ ಹೋಗುವುದಾದರೂ ಯಾಕೆ? ಬೆಟ್ಟದ ಅರ್ಜಿಯೂ ಹೀಗೇ. ಇಳಿಜಾರಿಲ್ಲದ ಬೆಟ್ಟ ಹುಡುಕಿ ತಂದರೆ ಸಹಿ ಸಿಗುತ್ತದೆ. (ತರಗತಿಗೆ ತರಗತಿಯನ್ನೇ ಒದ್ದೆ ದಡಕ್ಕೆ ಕರೆದೊಯ್ಯುವ ಶಿಕ್ಷಕರ ಭಯ ಸುಳ್ಳಲ್ಲ. ಆದರೆ ಅದಕ್ಕೆ ಪಾದ ಮುಳುಗುವಷ್ಟೇ ನೀರಿನ ತೊರೆ ಆರಿಸಿಕೊಳ್ಳಬಹುದಲ್ವಾ?)

ಗ್ರೀಕ್ ವಿದ್ವಾಂಸ ಎರಟೊಸ್ತನೀಸ್ ಈಗ ಹುಟ್ಟಿದ್ದರೆ ಕಷ್ಟವಿತ್ತು. 2,200 ವರ್ಷಗಳಿಗೂ ಹಿಂದೆ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ನಡುಹಗಲಿನ ನೆರಳು ಅಳೆದವನು ಅವನು. ಸುಮಾರು 7.2 ಡಿಗ್ರಿ ಕೋನ, ಅಂದರೆ ವೃತ್ತದ 50ರಲ್ಲಿ ಒಂದು ಪಾಲು. ಆ ಕೋನ, ಅದೇ ಹೊತ್ತಿನಲ್ಲಿ ನೆರಳೇ ಬೀಳದ ಸಯೀನ್ ಊರಿಗಿದ್ದ ದೂರ, ಇವೆರಡರಿಂದಲೇ ಭೂಮಿಯ ಸುತ್ತಳತೆ ಲೆಕ್ಕ ಹಾಕಿದ. ಈಗಿನ ಶಾಲೆಯಲ್ಲಾದರೆ ಬಿಸಿಲಲ್ಲಿ ನಿಂತಿದ್ದಕ್ಕೆ ಒಂದು ನೋಟಿಸ್, ಕೈಯಲ್ಲಿ ಕೋಲು ಹಿಡಿದಿದ್ದಕ್ಕೆ ಇನ್ನೊಂದು.

ನಿಜವಾದ ಪವಾಡ ಇರುವುದು ವರದಿಯಲ್ಲಿ. ಹೊಳೆಯ ವೇಗ ಅಳೆಯುವುದು ಸುಲಭ. ದಡದಲ್ಲಿ 10 ಮೀಟರ್ ಗುರುತು ಹಾಕಿ, ತೇಲುವ ವಸ್ತು ಬಿಟ್ಟು, ಸೆಕೆಂಡ್ ಎಣಿಸಬೇಕು. ಆದರೆ ನಿಜವಾದ ಹೊಳೆಯಲ್ಲಿ ಅದು ಜೊಂಡಿಗೆ ಸಿಕ್ಕಿಕೊಳ್ಳುತ್ತದೆ, ಸುಳಿಯಲ್ಲಿ ಸುಮ್ನೆ ಗಿರಗಿರ ತಿರುಗುತ್ತದೆ. ಅದಕ್ಕೇ ಹಲವು ಸಲ ಬಿಟ್ಟು ಸರಾಸರಿ ತೆಗೆಯುವುದು. ತಿರುವಿನ ಹೊರಬದಿಯಲ್ಲಿ ನೀರು ರಭಸವಾಗಿ ದಡ ಕೊರೆಯುತ್ತದೆ. ಒಳಬದಿಯಲ್ಲಿ ನಿಧಾನವಾಗಿ ಮರಳು ಬಿಟ್ಟು ಹೋಗುತ್ತದೆ. ಕಾಲಿಟ್ಟು ನಿಂತವರಿಗೆ ಇದು ಪಾದಕ್ಕೇ ಗೊತ್ತಾಗುತ್ತದೆ.

ನಮ್ಮ ವರದಿಗಳಲ್ಲಿ ಇಂಥ ಗಲಾಟೆಯಿಲ್ಲ. ಇಡೀ ತರಗತಿಗೆ ಒಂದೇ ವೇಗ, ದಶಮಾಂಶದ ಎರಡು ಸ್ಥಾನದವರೆಗೆ. ಎಲ್ಲರ ಬೆಣಚುಕಲ್ಲೂ ಒಂದೇ ಗಾತ್ರ. ಹಿಂದಿನ ವರ್ಷದವರದ್ದೂ ಅದೇ. ಹತ್ತಿರವೂ ಸುಳಿಯದವರಿಗೆ ಇಷ್ಟು ಶಿಸ್ತಾಗಿ ಹರಿಯುವ ಹೊಳೆ, ಹೋದವರಿಗೆ ಮಾತ್ರ ಹಟ ಮಾಡುತ್ತದೆ. ಯಾರಾದರೂ ನಿಜವಾಗಿಯೂ ಹೋಗಿ, ಬಿದ್ದ ಕೊಂಬೆಯಿಂದ ನೀರು ಹೊರಬದಿಯಲ್ಲೂ ನಿಧಾನ ಎಂದು ಬರೆದರೆ ಕೆಂಪು ಶಾಯಿಯಲ್ಲಿ ಷರಾ ಬೀಳುತ್ತದೆ: 'ಪುಸ್ತಕದೊಂದಿಗೆ ತಾಳೆಯಾಗುವುದಿಲ್ಲ.' ತಿದ್ದಿಕೊಳ್ಳಬೇಕಾದದ್ದು ಹೊಳೆ.

ಗೋಡೆಯ ಮೇಲೆ, ಗುಂಡಗಿನ ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸುವ 1569ರ ಮರ್ಕೇಟರ್ ಪದ್ಧತಿಯ ಭೂಪಟ ತೂಗುತ್ತಿರುತ್ತದೆ. ಅದರಲ್ಲಿ ಗ್ರೀನ್‌ಲ್ಯಾಂಡ್ ಹೆಚ್ಚುಕಡಿಮೆ ಆಫ್ರಿಕಾದಷ್ಟೇ ದೊಡ್ಡದು. ನಿಜದಲ್ಲಿ ಆಫ್ರಿಕಾ ಅದರ ಸುಮಾರು 14 ಪಟ್ಟು. ಒಳಗೆ ಕೂತೇ ಕಲಿಯಬಹುದಾದ ಪಾಠವಿದು. ಗೋಳವೊಂದನ್ನು ಪಕ್ಕಕ್ಕಿಟ್ಟರೆ ಸಾಕು. ಆದರೆ ಗೋಳ ಬೀರುವಿನಲ್ಲಿದೆ, ಬೀಗದ ಕೈ ರಜೆಯಲ್ಲಿರುವವರ ಬಳಿ ಇದೆ.

ಕೊನೆಗೂ ಈ ವರ್ಷದ ಕ್ಷೇತ್ರಭೇಟಿಗೆ ಒಪ್ಪಿಗೆ ಸಿಕ್ಕಿದೆ. ಸ್ಥಳ: ಮೂರನೇ ಮಹಡಿಯ ಕಂಪ್ಯೂಟರ್ ಕೊಠಡಿ. ವಿಷಯ: ಪರದೆಯ ಮೇಲೆ ನದಿ ದರ್ಶನ. ಮಕ್ಕಳು ಟೋಪಿ ಮತ್ತು ಗಟ್ಟಿ ಶೂ ಧರಿಸಿ ಬರತಕ್ಕದ್ದು. ಮಳೆ ಬಂದರೆ ಭೇಟಿ ರದ್ದು.